ವರ್ಲಿನ್ ಎಣಿಸಿದ ಸುತ್ತುಗಳು

"ಇನ್ನು ಈ ಜನ್ಮದಲ್ಲಿ ನಿನ್ನ ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗಲ್ಲ," ಎಂದು ವರ್ಲಿನ್ ತನ್ನ ಹೆಂಡತಿಯ ತಮ್ಮ ಡುವೇನನಿಗೆ ಚರ್ಚಿನಲ್ಲಿ ಎಲ್ಲರೆದುರೇ ಹೇಳಿಬಿಟ್ಟ. "ಕಾರಿನ ಸ್ಟೀರಿಂಗ್ ನಾನೇ ರಿಪೇರಿ ಮಾಡ್ತೀನಿ. ತಪ್ಪಿದ್ರೆ ಬುಧವಾರದ ಊಟದ ಪಾತ್ರೆಯೆಲ್ಲ ನಾನೇ ತೊಳೀತೀನಿ."

ಮಿನ್ನೆಸೋಟಾದ ಆ ಪುಟ್ಟ ಊರಿನ ಚರ್ಚಿನಲ್ಲಿ ಬುಧವಾರ ಉಣ್ಣುವವರು ನೂರಿಪ್ಪತ್ತು ಜನ. ವರ್ಲಿನ್ನೋ, ಮೂವತ್ತೈದು ವರ್ಷದ ಸಂಸಾರದಲ್ಲಿ ಒಂದು ಲೋಟ ತೊಳೆದವನಲ್ಲ.

ಬುಧವಾರ ಮಧ್ಯಾಹ್ನ ಅವನು ಮನೆಮುಂದೆ ಕಾರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ, ದಂಡೆತ್ತಿ ಹೊರಟವನ ಗತ್ತಿನಲ್ಲಿ ಅದರ ಕೆಳಗೆ ನುಸುಳಿದ. ಚಕ್ರವನ್ನು ಸ್ಟೀರಿಂಗಿಗೆ ಸೇರಿಸುವ ಸರಳಿನ ತುದಿ ಸವೆದು ಲಟಲಟ ಎನ್ನುತ್ತಿತ್ತು. ಅದನ್ನು ಬದಲಿಸುವ ಗುಟ್ಟು ಒಂದೇ: ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ಬಿಚ್ಚುತ್ತೀರೋ, ಹೊಸದನ್ನೂ ಅಷ್ಟೇ ಸುತ್ತು ತಿರುಗಿಸಿ ಹಾಕಬೇಕು. ಲೆಕ್ಕ ತಪ್ಪಿದರೆ ಚಕ್ರ ಒಂದು ದಿಕ್ಕು, ಸ್ಟೀರಿಂಗ್ ಒಂದು ದಿಕ್ಕು. ತುಕ್ಕು ಹಿಡಿದ ತುದಿ ಸುತ್ತಿಗೆಯ ಐವತ್ತು ಏಟು ತಿಂದು ಕೊನೆಗೆ ಕದಲಿತು. ವರ್ಲಿನ್ ಗಟ್ಟಿಯಾಗಿ ಎಣಿಸಿದ. ಹದಿನಾಲ್ಕನೆಯ ಸುತ್ತಿನಲ್ಲಿ ಅದು ಕೈಗೆ ಬಂತು, ಹಿಡಿ ತುಕ್ಕು ಮೂಗಿಗೆ ಬಂತು.

ಸರಿಯಾಗಿ ಆಗಲೇ ಅಡುಗೆಮನೆಯ ಕಿಟಕಿ ತೆರೆಯಿತು.

"ರೀ, ಚರ್ಚಿಗೆ ಮೊಟ್ಟೆ ಎಷ್ಟು ಬೇಯಿಸ್ಲಿ?" ಎಂದು ಹೆಂಡತಿ ಆರ್ಡಿಸ್ ಕೂಗಿದಳು.

"ಮಾತಾಡಿಸ್ಬೇಡ ಕಣೇ, ಎಣಿಸ್ತಿದೀನಿ."

"ನಾನೂ ಎಣಿಸ್ತಾನೇ ಇದೀನಿ. ಇರೋದೇ ಹನ್ನೆರಡು. ಸಾಕಾ?"

"ಸಾಕು."

"ಹನ್ನೆರಡು?"

"ಅಯ್ಯೋ, ಹನ್ನೆರಡು, ಹನ್ನೆರಡು, ಹನ್ನೆರಡು!"

ಕಿಟಕಿ ಮುಚ್ಚಿತು. ವರ್ಲಿನ್ ಹೊಸ ತುದಿಯನ್ನು ಕೈಗೆತ್ತಿಕೊಂಡು, ಉಸಿರು ಬಿಗಿಹಿಡಿದು, ಒಂದೂ ಹೆಚ್ಚಿಲ್ಲದೆ ಒಂದೂ ಕಡಿಮೆಯಿಲ್ಲದೆ ಹನ್ನೆರಡು ಸುತ್ತು ತಿರುಗಿಸಿದ.

ಸಂಜೆ ಆರ್ಡಿಸ್ ಮೊಟ್ಟೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಕಾರು ನೆಟ್ಟಗೆ ಹೋಗಬೇಕಾದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿಯೇ ಹಿಡಿಯಬೇಕಿತ್ತು. ಟೈರುಗಳು ಹಂದಿಮರಿಗಳಂತೆ ಕಿರುಚುತ್ತಿದ್ದವು.

"ಇದ್ಯಾಕ್ರೀ ಹೀಗೆ ಅಳ್ತಿದೆ?"

"ಹೊಸದಲ್ವಾ, ಹೊಂದ್ಕೋಬೇಕು. ಮದುವೆಯಾದ ಹೊಸದ್ರಲ್ಲಿ ನೀನೂ ಹೀಗೇ ಇದ್ದೆ."

ಚರ್ಚಿನ ಬಾಗಿಲಲ್ಲೇ ಡುವೇನ್ ನಿಂತಿದ್ದ. ಬಂದವನೇ ಕಾರಿನೊಳಗೆ ಬಗ್ಗಿ ನೋಡಿದ.

"ಭಾವ, ಕಾರು ನೆಟ್ಟಗೇ ಬಂತು, ಸ್ಟೀರಿಂಗ್ ಮಾತ್ರ ಪಕ್ಕದೂರಿಗೆ ಹೊರಟ ಹಾಗಿದೆಯಲ್ಲ. ಎಷ್ಟು ಸುತ್ತು ಹಾಕಿದ್ರಿ?"

"ಎಷ್ಟು ಬಿಚ್ಚಿದ್ನೋ ಅಷ್ಟೇ. ಹನ್ನೆರಡು," ಎಂದ ವರ್ಲಿನ್, ಎದೆ ಸೆಟೆಸಿ. "ಬೇಕಾದ್ರೆ ನಿಮ್ಮಕ್ಕನ್ನೇ ಕೇಳು. ನಾನು ಕೂಗಿ ಹೇಳಿದ್ದಕ್ಕೆ ಅವಳೇ ಸಾಕ್ಷಿ."

ಆರ್ಡಿಸ್ ಒಮ್ಮೆ ತೊಡೆಯ ಮೇಲಿನ ತಟ್ಟೆಯನ್ನು ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು.

"ಆ ಹನ್ನೆರಡು ನನ್ನ ಮೊಟ್ಟೆದು ಕಣ್ರೀ," ಎಂದಳು. "ಬನ್ನಿ, ಏಪ್ರನ್ ನಾನೇ ಕಟ್ತೀನಿ."