ಪಂಪು ಕೈಕೊಟ್ಟ ಮನೆಗಳಲ್ಲಿ

ಬಾವಿಯ ಪಂಪು ಕೆಡುವುದಕ್ಕೂ ಮುಹೂರ್ತ ನೋಡುತ್ತದೆ. ಸುಮ್ಮನಿರುವ ದಿನ ಸರಿಯಾಗಿ ಓಡಿ, ನೆಂಟರು ಬಂದ ದಿನವೇ ನಿಲ್ಲುತ್ತದೆ. ಕಾರವಾರ, ಅಂಕೋಲೆ ಎಂದು ಸ್ಕೂಟರಿನಲ್ಲಿ ಪಂಪು ರಿಪೇರಿಗೆ ತಿರುಗುವ ನನಗೆ ಇದು ಹೊಸತಲ್ಲ.

ಬಿಸಿನೀರು

ಕೋಡಿಬಾಗದಿಂದ ವಯಸ್ಸಾದ ಒಬ್ಬ ಆಯಿಯ ಫೋನು. "ಪಂಪು ಬರೇ ಗುಂಯ್ ಅಂತದೆ ಮಾರಾಯ, ನೀರು ಬರೂದಿಲ್ಲ."

ಪೈಪಿನಲ್ಲಿ ಗಾಳಿ ಹಿಡಿದಿರಬೇಕು ಎಂದುಕೊಂಡೆ. "ನಾನು ಬರೂದು ತಡ ಆಗ್ತದೆ ಆಯಿ. ಸ್ವಿಚ್ ಆರಿಸಿ, ಪಂಪಿಗೆ ಒಂದು ತಂಬಿಗೆ ನೀರು ಹಾಕಿ ನೋಡಿ."

ಹೋಗಿ ನೋಡಿದರೆ ಮೋಟಾರು ನೆನೆದು ತೊಪ್ಪೆಯಾಗಿದೆ, ಮೇಲೆ ಟವೆಲ್ ಹೊದಿಸಿದ್ದಾರೆ. ಮುಚ್ಚಳ ಬಿಚ್ಚಿ ಒಳಗೆ ಹಾಕಬೇಕಾದ ನೀರನ್ನು ಆಯಿ ಮೇಲಿಂದ ಸುರಿದಿದ್ದರು. ನನ್ನ ಮುಖ ನೋಡಿ ಅವರಿಗೇ ಗಾಬರಿ.

"ಥಂಡಿ ಎಂತ ಆಗೂದಿಲ್ಲ, ತಮ್ಮಾ. ನಾನು ಬಿಸಿನೀರೇ ಹಾಕಿದ್ದು."

ಹಲ್ಲಿಯ ಫಲ

ಬಾಳೆಗುಳಿ ಹತ್ತಿರದ ಮನೆಯಲ್ಲಿ ಸ್ವಿಚ್ ಒತ್ತಿದರೆ ಪಂಪು ಉಸಿರೇ ಎತ್ತುತ್ತಿರಲಿಲ್ಲ. ಕೊಟ್ಟಿಗೆಗೆ ಕೊಡ ಹೊತ್ತು ಹೊತ್ತು ಮನೆಯ ಅಜ್ಜ ಸೊಂಟ ಹಿಡಿದುಕೊಂಡು ಕೂತಿದ್ದರು. ಸ್ಟಾರ್ಟರಿನ ಪೆಟ್ಟಿಗೆ ಬಿಚ್ಚಿದೆ. ಒಳಗೆ ಹಲ್ಲಿಯೊಂದು ಸಿಕ್ಕಿಕೊಂಡು ಸತ್ತಿತ್ತು. ತೆಗೆದು ಒರೆಸಿದೆ, ಪಂಪು ಓಡಿತು.

ಅಜ್ಜನಿಗೆ ಸಮಾಧಾನವಾಗಲಿಲ್ಲ. "ಯಾವ ಬದಿಗೆ ಬಿದ್ದಿತ್ತು? ಪಂಚಾಂಗದಲ್ಲಿ ಫಲ ನೋಡಬೇಕು."

ಒಳಗಿನಿಂದ ಅಜ್ಜಿ ಹೇಳಿದರು, "ಫಲ ಹಲ್ಲಿಗೇ ಬಂದು ಮುಗೀತು. ನೀವು ಸೊಂಟಕ್ಕೆ ಎಣ್ಣೆ ಹಚ್ಕಣಿ."

ಬಚ್ಚಲಲ್ಲಿ ಅಳಿಯ

ಅಂಕೋಲೆಯ ಕಡಲ ಬದಿಯ ಮೀನುಗಾರರ ಮನೆ. ಮದುವೆಯಾಗಿ ಮೊದಲ ಸಲ ಬಂದ ಅಳಿಯ ಬಚ್ಚಲಲ್ಲಿದ್ದ. ತಲೆ, ಮುಖಕ್ಕೆಲ್ಲ ಸೋಪು ಹಚ್ಚಿಕೊಂಡಾಗ ನೀರು ನಿಂತಿತ್ತು. ಪಂಪೇನೋ ಓಡುತ್ತಿತ್ತು, ನೀರು ಮೇಲೆ ಬರುತ್ತಿರಲಿಲ್ಲ. ಸೇದೋಣವೆಂದರೆ ಬಾವಿಯ ಹಗ್ಗ ದೋಣಿಗೆ ಹೋಗಿತ್ತು.

ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೇರಿಯ ಹೆಂಗಸರೆಲ್ಲ ತಮ್ಮ ಮನೆಗಳಿಂದ ನೀರಿನ ಕೊಡ ಹೊತ್ತು ಬಚ್ಚಲ ಬಾಗಿಲಲ್ಲಿ ಸೇರಿದ್ದರು.

"ಬಾಗಿಲು ತೆಗೀರಿ, ನಾವೆಲ್ಲ ನಿಮಗೆ ಅಕ್ಕಂದಿರೇ ಅಲ್ವಾ?"

"ಬೇಡ ಬೇಡ! ಪಂಪೇ ಸರಿಯಾಗ್ಲಿ!" ಕಣ್ಣುರಿಯೋ ನಾಚಿಕೆಯೋ, ಅಳಿಯನ ದನಿ ಅಳುವ ಹಾಗಿತ್ತು.

"ಅವರ ಮನೆಯವರು ಎಂತ ಅಂದ್ಕೊಂತಾರೋ. ಬೇಗ ಮಾಡು ತಮ್ಮಾ," ಅತ್ತೆ ನನ್ನ ಕೈ ಹಿಡಿದುಕೊಂಡರು.

ಬಾವಿಯೊಳಗೆ ಪೈಪಿನ ತುದಿಯ ಜಾಲರಿಗೆ ಏನೋ ಅಡ್ಡ ಬಂದಿರಬೇಕು. ಸ್ವಿಚ್ ಆರಿಸಿ ನಾನೂ ಮಾವನೂ ಪೈಪು ಎಳೆದೆವು. ಬಲೆ ಎಳೆದು ಪಳಗಿದ ಮಾವ "ಹೈಸಾ!" ಎಂದರು. ಹೆಂಗಸರೂ ಕೊಡ ಕೆಳಗಿಟ್ಟು "ಹೈಸಾ!" ಎಂದರು. ಜಾಲರಿಗೆ ಗಟ್ಟಿಯಾಗಿ ಸುತ್ತಿಕೊಂಡು ಒಂದು ಚೌಕುಳಿ ಲುಂಗಿ ಮೇಲೆ ಬಂತು.

"ಇದು ನಂದಲ್ಲ," ಎಂದರು ಮಾವ. ಕೇರಿಯಲ್ಲಿ ಯಾರದ್ದೂ ಅಲ್ಲವಂತೆ.

ಪೈಪು ಇಳಿಸಿ, ಪಂಪಿಗೆ ನೀರು ತುಂಬಿಸಿ ಸ್ವಿಚ್ ಹಾಕಿದೆ. ಒಳಗೆ ನೀರು ಧೋ ಎಂದು ಬಿದ್ದ ಸದ್ದು ಕೇಳಿ ಅತ್ತೆ ಕೈ ಮುಗಿದರು. ಸ್ವಲ್ಪ ಹೊತ್ತಿಗೆ ಬಾಗಿಲು ಬೆರಳಷ್ಟು ತೆರೆದು ಒದ್ದೆ ಕೈಯೊಂದು ಹೊರಬಂತು.

"ಅತ್ತೇ, ಬಾವಿಕಟ್ಟೆ ಮೇಲೆ ನನ್ನ ಲುಂಗಿ ಇಟ್ಟಿದ್ದೆ. ಸ್ವಲ್ಪ ಕೊಡ್ತೀರಾ?"

ಮಾವ ಲುಂಗಿ ಹಿಂಡುತ್ತ ಹೇಳಿದರು, "ತಡೀರಿ ಅಳಿಯಂದ್ರೇ, ಅದೂ ಈಗಷ್ಟೇ ಮಿಂದ್ಕೊಂಡು ಬಂತು."