ಪೀಟಿ ಪೀರಿಯಡ್ಡಿನ ಗ್ರೀಕ್ ದೇವರುಗಳು

ನಮ್ಮ ತಿಪಟೂರು ಸೀಮೆಯಲ್ಲಿ ಯಾರನ್ನಾದರೂ ನಿಮ್ಮ ಮನೆದೇವರು ಯಾವುದೆಂದು ಕೇಳಿ, ಒಂದು ಹೆಸರು ಹೇಳುತ್ತಾರೆ. ನಮ್ಮ ಅತ್ತಿಗೆಯನ್ನು ಮಾತ್ರ ಕೇಳಬೇಡಿ. ಹನ್ನೆರಡು ಹೆಸರು ಹೇಳುತ್ತಾರೆ, ಹನ್ನೆರಡೂ ಗ್ರೀಸ್ ದೇಶದವು! ಹಾಗಂತ ಆಕೆ ಇತಿಹಾಸದ ಪಂಡಿತೆ ಅಂದುಕೊಂಡಿರಾ? ಊರ ಹೈಸ್ಕೂಲಿನ ಪೀಟಿ ಟೀಚರು. ಆಕೆ ಮೈದಾನದಲ್ಲಿ 'ಸಾವಧಾನ್' ಅಂದರೆ ಆಚೆ ತೋಟದಲ್ಲಿ ಕಾಯಿ ಸುಲಿಯುವವರೂ ನೆಟ್ಟಗಾಗುತ್ತಾರೆ.

ಒಂದು ಮಳೆಗಾಲ ಮೈದಾನವೆಲ್ಲ ಕೆಸರಾಗಿ ಮಕ್ಕಳನ್ನು ತರಗತಿಯಲ್ಲೇ ಕೂರಿಸಿಕೊಳ್ಳಬೇಕಾಯಿತು. ಆಗ ಒಬ್ಬ ಹುಡುಗಿ ಎದ್ದು, ಕ್ರೀಡಾಕೂಟದಲ್ಲಿ ಪಂಜು ಹಿಡಿದು ಯಾಕೆ ಓಡುತ್ತಾರೆ ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ಪಂಜು ಕೊಟ್ಟು ಓಡಿಸಿದ್ದ ಅತ್ತಿಗೆಗೆ ಅದು ತಿಳಿದಿರಲಿಲ್ಲ. "ಗೊತ್ತಿಲ್ಲ ಕಣಮ್ಮ, ತಿಳ್ಕೊಂಡು ಹೇಳ್ತೀನಿ" ಎಂದರಂತೆ. ಹಾಗೆ ಹೇಳುವ ಟೀಚರೊಬ್ಬರು ನನ್ನ ಕಾಲದಲ್ಲಿ ನನಗೆ ಸಿಕ್ಕಿರಲಿಲ್ಲ.

ಪಂಜಿನ ಓಟ ಹುಟ್ಟಿದ್ದು ಗ್ರೀಸ್ ದೇಶದಲ್ಲಿ ಎಂದು ತಿಳಿದದ್ದೇ, ತಿಪಟೂರಿನ ಲೈಬ್ರರಿಯಿಂದ ಗ್ರೀಕ್ ಪುರಾಣದ ದಪ್ಪ ಪುಸ್ತಕ ಮನೆಗೆ ಬಂತು. ಒಲೆಯ ಮುಂದೆ ಓದು ಶುರುವಾಯಿತು. ಆ ತಿಂಗಳು ನಮ್ಮ ಮನೆಯ ಸಾರು ತಳ ಹಿಡಿಯದ ದಿನವಿಲ್ಲ. ಅಣ್ಣ ಮೆಲ್ಲಗೆ ಗೊಣಗಿದ್ದಕ್ಕೆ, ಮನುಷ್ಯರಿಗೆ ಬೆಂಕಿ ತಂದುಕೊಟ್ಟ ಪ್ರೊಮಿಥಿಯಸ್‌ನ ಲಿವರನ್ನು ಹದ್ದು ದಿನಾ ಕುಕ್ಕುತ್ತಿತ್ತು, ಅವನೇ ಸುಮ್ಮನಿದ್ದ, ನೀವು ಸಾರಿಗೆ ಅಳುತ್ತೀರಲ್ಲ ಎಂದುಬಿಟ್ಟರು. ಅಣ್ಣ ಮಜ್ಜಿಗೆ ಹಾಕಿಸಿಕೊಂಡು ಉಂಡ.

ಮಳೆ ಬಂದರೆ ಸಾಕು, ಮಕ್ಕಳಿಗೆ ಹಬ್ಬ. ಕ್ರೋನಸ್ ಎಂಬ ದೇವರು ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ, ಕೊನೆಯ ಮಗು ಜ್ಯೂಸ್‌ನನ್ನು ಉಳಿಸಲು ತಾಯಿ ಬಟ್ಟೆಯಲ್ಲಿ ಕಲ್ಲು ಸುತ್ತಿ ಕೊಟ್ಟಳು, ಅದನ್ನೂ ನುಂಗಿದ ಎಂದು ಅತ್ತಿಗೆ ಹೇಳಿದಾಗ, ಕಲ್ಲೆಂದು ಅವನಿಗೆ ಗೊತ್ತಾಗಲಿಲ್ಲವೇ ಎಂದು ಮಕ್ಕಳು ಪಟ್ಟು ಹಿಡಿದರು.

"ನೀವು ರಾಗಿ ಮುದ್ದೆ ಅಗಿದು ತಿಂತೀರೇನ್ರೋ? ಅವನೂ ಹಂಗೇ ನುಂಗ್ದ."

ಇಡೀ ತರಗತಿಗೆ ಒಂದೇ ಏಟಿಗೆ ಅರ್ಥವಾಯಿತು.

ತೊಂದರೆ ತಂದದ್ದು ದೊಡ್ಡವನಾಗಿ ಸಿಡಿಲಿನ ದೇವರಾದ ಆ ಜ್ಯೂಸೇ. ಒಂದು ಸಂಜೆ ಗುಡುಗಿದಾಗ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ "ಜ್ಯೂಸ್‌ಗೆ ಸಿಟ್ಟು ಬಂದದೆ" ಎಂದಳಂತೆ. ಜ್ಯೂಸು ಕುಡಿಯುವುದಕ್ಕೂ ಸಿಡಿಲಿಗೂ ಏನು ಸಂಬಂಧವೆಂದು ಅಜ್ಜಿ ವಿಚಾರಿಸಿದರು. ವಿಚಾರಣೆಯಲ್ಲಿ ಹನ್ನೆರಡು ದೇವರೂ ಹೊರಬಿದ್ದರು. ಮರುದಿನವೇ ಹುಡುಗಿಯ ತಂದೆ ಶಾಲೆಗೆ ಬಂದು, ಪೀಟಿ ಟೀಚರು ಪರದೇಶದ ದೇವರನ್ನು ಮಕ್ಕಳ ತಲೆಗೆ ತುಂಬುತ್ತಿದ್ದಾರೆಂದು ಅರ್ಜಿ ಕೊಟ್ಟರು. ಅರ್ಜಿ ಮೇಲೆ ಹೋದರೆ ಅತ್ತಿಗೆಗೆ ವರ್ಗಾವಣೆಯೇ ಗತಿ. ನಾನು ಶಾಲಾ ಸಮಿತಿಯ ಸದಸ್ಯ ಬೇರೆ. ಸಭೆಯಲ್ಲಿ ಅತ್ತಿಗೆಯ ಮುಖವನ್ನೂ ನೋಡಲಾರೆ, ಅರ್ಜಿದಾರರ ಮುಖವನ್ನೂ ನೋಡಲಾರೆ. ಗೋಡೆಯ ಭೂಪಟ ನೋಡುತ್ತಾ ಕೂತೆ.

ಅತ್ತಿಗೆ ವಾದಿಸಲಿಲ್ಲ. "ಈ ದೇವ್ರುಗಳಿಗೆ ಈಗ ದೀಪ ಹಚ್ಚೋರೂ ಇಲ್ಲ ಕಣ್ರೀ, ಬರೀ ಕಥೆ ಉಳ್ಕೊಂಡದೆ. ನಿಮ್ಮ ಮಗಳನ್ನೇ ಕರೆಸಿ, ಕೇಳಿ" ಎಂದರು.

ಹುಡುಗಿ ಬಂದಳು. ಬೆಳೆ ಕಾಯುವ ದೇವತೆ ಡಿಮೀಟರ್, ಆಕೆಯ ಮಗಳು ಪರ್ಸೆಫನಿ ಎಂದು ಶುರುಮಾಡಿದಳು. ಪಾತಾಳದ ಒಡೆಯ ಮಗಳನ್ನು ಕದ್ದೊಯ್ದು ಮದುವೆಯಾದ, ಅವನ ಹೆಸರು ಹೇಡಿಸ್, ಹೆಸರಿಗೆ ತಕ್ಕ ಹಾಗೆ ಹೇಡಿ ಎಂದಾಗ ಹೆಡ್ಮಾಸ್ಟರೇ ನಕ್ಕರು. ಮಗಳು ಕಾಣದೆ ತಾಯಿ ಊಟ ಬಿಟ್ಟಳು, ರಾಗಿ ತೆನೆ ಕಟ್ಟಲಿಲ್ಲ, ತೆಂಗಿನಲ್ಲಿ ಹೊಂಬಾಳೆ ಒಡೆಯಲಿಲ್ಲ ಎಂದಾಗ ಯಾರೂ ನಗಲಿಲ್ಲ. ಗ್ರೀಸಿನಲ್ಲಿ ರಾಗಿ ಇತ್ತೇ ಎಂದು ಕೇಳಬೇಕೆಂದು ನನಗೂ ಅನ್ನಿಸಲಿಲ್ಲ. ಮಗಳು ಅಲ್ಲಿ ದಾಳಿಂಬೆ ಬೀಜ ತಿಂದಿದ್ದಳು, ಪಾತಾಳದಲ್ಲಿ ತಿಂದವರು ಪೂರ್ತಿ ಬಿಡಿಸಿಕೊಂಡು ಬರುವಂತಿಲ್ಲ, ಆದ್ದರಿಂದ ವರ್ಷಕ್ಕೆ ಕೆಲವು ತಿಂಗಳು ಗಂಡನ ಹತ್ತಿರ, ಉಳಿದ ತಿಂಗಳು ಅಮ್ಮನ ಹತ್ತಿರ ಎಂದು ತೀರ್ಮಾನವಾಯಿತು ಎಂದು ಹೇಳಿ ಕೈಕಟ್ಟಿ ನಿಂತಳು.

ಆ ತಂದೆ ದೊಡ್ಡ ಮಗಳನ್ನು ಹಿಂದಿನ ವರ್ಷವಷ್ಟೇ ಬಳ್ಳಾರಿಗೆ ಕೊಟ್ಟಿದ್ದರು. ಅವರು ಅತ್ತಿಗೆಯ ಕಡೆ ತಿರುಗಿದರು.

"ಟೀಚರಮ್ಮ, ಆ ಮಗಳು ತವರಿಗೆ ಯಾವಾಗ ಬತ್ತಾಳೆ?"

"ವಸಂತದಲ್ಲಿ ಅಣ್ಣ. ನಮ್ಮ ಲೆಕ್ಕಕ್ಕೆ ಯುಗಾದಿ ಹೊತ್ಗೆ ಬಂದ್ಬುಡ್ತಾಳೆ."

ಅವರು ಮೇಜಿನ ಮೇಲಿದ್ದ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಭೂಪಟ ಬಿಟ್ಟು ಅತ್ತಿಗೆಯನ್ನು ನೋಡಿದೆ. ಇವರು ನಮ್ಮ ಮನೆಯವರು ಎಂದು ಅಲ್ಲೇ ಎದ್ದು ಸಾರಬೇಕೆನ್ನಿಸಿತು.

ಅತ್ತಿಗೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟೆ. ತೋಟದ ತಿರುವಿನಲ್ಲಿ, "ಈ ಸಲ ಯುಗಾದಿಗೆ ಕೆಂಕೆರೆಗೆ ಹೋಗ್ಬತ್ತೀನಿ ಕಣಪ್ಪ" ಎಂದರು.

ಕೆಂಕೆರೆ ಆಕೆಯ ತವರು. ಆಕೆಯ ಅಮ್ಮ ಅಲ್ಲಿ ಮಗನ ಮನೆಯಲ್ಲಿದ್ದಾರೆ. ಎಷ್ಟು ದೂರ? ಒಂದು ಬಸ್ಸಿನ ದಾರಿ. ಆದರೂ ಮದುವೆಯಾಗಿ ಬಂದ ಮೇಲೆ ಒಂದು ಯುಗಾದಿಗೂ ಆಕೆ ಅಲ್ಲಿರಲಿಲ್ಲ. ಹಬ್ಬದ ದಿನ ಸೊಸೆ ಮನೆಯಲ್ಲಿರಬೇಕಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು, ಆಕೆಯನ್ನು ಕೇಳಿರಲಿಲ್ಲ.

ಹಬ್ಬದ ಮುನ್ನಾದಿನ ನಾನೇ ಕರೆದೊಯ್ದೆ. ಅವರಮ್ಮ ಜಗಲಿಯಿಂದ ಇಳಿದು ಬಂದು ಮಗಳ ಗಲ್ಲ ಸವರಿ, "ಎಷ್ಟು ದಿನ ಇರ್ತೀಯವ್ವ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ನಾನು ಸ್ಕೂಟರ್ ತಿರುಗಿಸಿಕೊಂಡೆ.