ಸೈರನ್ನಿಗೆ ಒಗ್ಗಿದ ಕರುಳು

ಮಾನ್ಯ ಓದುಗ ಮಹಾಶಯರ ಸನ್ನಿಧಾನಕ್ಕೆ, ಮೊದಲು ಭದ್ರಾವತಿಯ ಜನ್ನಾಪುರದಲ್ಲಿಯೂ ಹಾಲಿ ಶಿವಮೊಗ್ಗೆಯ ದುರ್ಗಿಗುಡಿಯಲ್ಲಿಯೂ ವಾಸವಾಗಿರುವ ಗುಮಾಸ್ತನೊಬ್ಬನ ವಿನಯಪೂರ್ವಕ ಅರಿಕೆ ಏನೆಂದರೆ: ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳು ಆಗಾಗ್ಗೆ ನನ್ನ ಅನುಮತಿಯಿಲ್ಲದೆ ಸ್ಥಳ ಬದಲಾಯಿಸಿಕೊಳ್ಳುತ್ತವೆ. ಇದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಕರಡು, ಜ್ಞಾಪನ, ರಜೆಯ ಅರ್ಜಿ ಇವುಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದವನು ಪ್ರಬಂಧ ಬರೆಯಲು ಹೊರಟಿರುವುದೇ ಒಂದು ಅಧಿಕಪ್ರಸಂಗ. ಅದರಲ್ಲೂ ವಿಷಯ ನನ್ನ ಕರುಳಿನದು. ದೊಡ್ಡವರ ಮುಂದೆ ಹೃದಯದ ಬಗ್ಗೆ ಎಷ್ಟು ಬೇಕಾದರೂ ಮಾತನಾಡಬಹುದು. ಕರುಳಿನ ಮಾತೆತ್ತಿದರೆ ಎಲೆಯ ಮುಂದಿನಿಂದ ಎದ್ದು ಹೋಗುತ್ತಾರೆ. ಆದರೆ ಹೃದಯದಿಂದ ನನ್ನ ನೌಕರಿಗೆ ಎಂದೂ ಅಪಾಯ ಬಂದದ್ದಿಲ್ಲ. ಕರುಳಿನಿಂದ ಬಂದಿತ್ತು.

ಭದ್ರಾವತಿಯನ್ನು ಬಲ್ಲವರಿಗೆ ಕಾರ್ಖಾನೆಯ ಸೈರನ್ನಿನ ಬಗ್ಗೆ ಹೊಸದಾಗಿ ನಿವೇದಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಕಾರ್ಖಾನೆಯ ನೌಕರರು ಯಾರೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಸೈರನ್ ಕೂಗಿದರೆ ಹಾಲು ಒಲೆಯ ಮೇಲೆ ಏರುತ್ತಿತ್ತು, ಮತ್ತೆ ಕೂಗಿದರೆ ಅಕ್ಕಿ ತೊಳೆಯುತ್ತಿದ್ದರು. ಹುಟ್ಟಿದ ಲಾಗಾಯ್ತು ಬೆಳಗಿನ ಸೈರನ್ ಕೇಳಿದೊಡನೆ ನಾನು ಚೊಂಬು ಹಿಡಿದು ಹಿತ್ತಿಲಿಗೆ ನಡೆಯುತ್ತಿದ್ದೆ. ಈ ನಿತ್ಯವಿಧಿ ನನ್ನ ಇಚ್ಛೆಯಿಂದ ನಡೆಯುತ್ತಿದೆ ಎಂದೇ ಇಪ್ಪತ್ತಾರು ವರ್ಷ ನಂಬಿದ್ದೆ. ಅದು ಕಾರ್ಖಾನೆಯವರ ಕೃಪೆಯಿಂದ ನಡೆಯುತ್ತಿತ್ತೆಂಬುದು ತಿಳಿದದ್ದು ಶಿವಮೊಗ್ಗೆಗೆ ಬಂದ ಮೇಲೆ.

ಬಂದದ್ದು ಆರು ವಾರಗಳ ತರಬೇತಿಗೆ. ಅದು ಮುಗಿದರೆ ನನ್ನ ಹಂಗಾಮಿ ನೌಕರಿ ಖಾಯಂ ಆಗುವುದಿತ್ತು. ಮೂರು ದಿನ ಗೈರುಹಾಜರಾದವರ ಹೆಸರನ್ನು ಪಟ್ಟಿಯಿಂದ ತೆಗೆಯತಕ್ಕದ್ದು ಎಂಬ ಷರತ್ತನ್ನು ಶಿರಸ್ತೇದಾರರು ಮೊದಲ ದಿನವೇ ಎರಡು ಸಾರಿ ಓದಿ ಹೇಳಿದ್ದರು. ನಾನು ಇಳಿದುಕೊಂಡದ್ದು ಅಕ್ಕನ ಮನೆಯಲ್ಲಿ. ಮನೆ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಬೀದಿ ಶಾಂತವಾಗಿತ್ತು. ಆ ಶಾಂತಿಯೇ ಮುಳುವಾಯಿತು. ಸೈರನ್ ಇಲ್ಲದ ಊರಿನಲ್ಲಿ ನನ್ನ ಕರುಳು ಬೆಳಗಾದದ್ದನ್ನೇ ಅಂಗೀಕರಿಸಲಿಲ್ಲ.

ಐದನೆಯ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆ. ಒಂದು ದಿನ ಗೈರುಹಾಜರಿ. ಅಕ್ಕ ಮಾರನೆಯ ಬೆಳಿಗ್ಗೆ, ಬೇಡ ಬೇಡವೆಂದರೂ, ಹರಳೆಣ್ಣೆ ಕುಡಿಸಿದಳು. ಅಂದು ನಾನು ಹಿತ್ತಿಲಿಗೆ ಹೋದದ್ದಕ್ಕಿಂತ ಹಿತ್ತಿಲಿನಿಂದ ಬಂದದ್ದೇ ಕಡಿಮೆ. ಎರಡನೆಯ ಗೈರುಹಾಜರಿಯೂ ದಾಖಲಾಯಿತು. ಅನಂತರ ನಾಲ್ಕು ದಿನ ಮತ್ತೆ ಮೌನ. ಹೊಟ್ಟೆ ಪುನಃ ಬಿಗಿಯತೊಡಗಿದಾಗ, ಮೂರನೆಯ ಗೈರುಹಾಜರಿಯ ಭಯದಿಂದ ಅಕ್ಕನನ್ನೂ ಕರೆದುಕೊಂಡು ಡಾಕ್ಟರ ಬಳಿಗೆ ಹೋದೆ.

ಡಾಕ್ಟರು ವೃದ್ಧರು, ನಿಧಾನಸ್ಥರು. ನಾನು ಗುಮಾಸ್ತನೆಂದು ತಿಳಿದು ನನಗೆ ಅರ್ಥವಾಗುವ ಹಾಗೆ ವಿವರಿಸಿದರು. ಸಣ್ಣ ಕರುಳು ಹೆಸರಿಗೆ ಸಣ್ಣದಾದರೂ ಇಪ್ಪತ್ತು ಅಡಿಗೂ ಹೆಚ್ಚು ಉದ್ದವಂತೆ. ಹೊಟ್ಟೆಯಿಂದ ಬಂದ ಆಹಾರವೆಂಬ ಕಡತವನ್ನು ಬಿಚ್ಚಿ, ಅರಗಿಸಿ, ಅದರ ಸಾರವನ್ನೆಲ್ಲ ರಕ್ತಕ್ಕೆ ರವಾನಿಸುವ ನಿಜವಾದ ಕೆಲಸಗಾರ ಅದೇ. ದೊಡ್ಡ ಕರುಳು ಐದಡಿ ಮಾತ್ರ. ಉಳಿದ ಕಡತದಿಂದ ನೀರನ್ನು ಹೀರಿಕೊಂಡು ವಿಲೇವಾರಿಗೆ ಕಳಿಸುವುದು ಅದರ ಹೊಣೆ. ಕಡತ ಅಲ್ಲಿ ಹೆಚ್ಚು ದಿನ ಕೂತಷ್ಟೂ ಒಣಗಿ ಗಟ್ಟಿಯಾಗುತ್ತದೆ, ಅದು ಮಲಬದ್ಧತೆ. ನೀರು ಹೀರಲು ಪುರಸತ್ತಿಲ್ಲದಂತೆ ಓಡಿದರೆ ಭೇದಿ. ಕಾಯಿಸದ ನೀರಿನಿಂದ ಆಮಶಂಕೆ, ತೊಳೆಯದ ಸೊಪ್ಪಿನಿಂದ ಜಂತುಹುಳು. ಇದು ಅಪೆಂಡಿಕ್ಸ್ ಇರಬಹುದೇ ಎಂದು ನಾನು ಕೇಳಿದೆ. ಅದು ದೊಡ್ಡ ಕರುಳಿನ ಆರಂಭದಲ್ಲಿರುವ ಒಂದು ಹಳೆಯ ಹುದ್ದೆ, ಅದಕ್ಕೆ ಏನು ಕೆಲಸವೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಊದಿಕೊಂಡರೆ ಮಾತ್ರ ಇಡೀ ಕಚೇರಿಯನ್ನು ಅಲ್ಲಾಡಿಸುತ್ತದೆ ಎಂದರು. ನನಗೆ ನಮ್ಮ ಕಚೇರಿಯ ಒಬ್ಬರು ನೆನಪಾದರು, ಹೆಸರು ಬರೆಯುವುದಿಲ್ಲ.

ನನ್ನದು ಅದಲ್ಲವೆಂದು ಹೊಟ್ಟೆ ಒತ್ತಿ ನೋಡಿ ಖಚಿತಪಡಿಸಿದರು. ಹರಳೆಣ್ಣೆ ಒಮ್ಮೆಲೇ ಎಲ್ಲವನ್ನೂ ಹೊರದೂಡಿದ್ದರಿಂದ ನಾಲ್ಕು ದಿನ ವಿಲೇವಾರಿಗೆ ಏನೂ ಇರಲಿಲ್ಲ, ಪದೇ ಪದೇ ಕುಡಿದರೆ ಕರುಳು ಸೋಮಾರಿಯಾಗುತ್ತದೆ ಎಂದರು. ಸೊಪ್ಪು, ಬಾಳೆಹಣ್ಣು, ಧಾರಾಳವಾಗಿ ನೀರು. ಎದ್ದೊಡನೆ ಬಿಸಿ ಕಾಫಿ. ಪ್ರತಿದಿನ ಒಂದೇ ಹೊತ್ತಿಗೆ ಕೂರುವುದು. ಕೊನೆಯಲ್ಲಿ, "ಕರುಳು ಅಭ್ಯಾಸದ ಪ್ರಾಣಿ ಕಣಯ್ಯ. ಅದಕ್ಕೆ ದಿನಾ ಒಂದು ಸೂಚನೆ ಬೇಕು" ಎಂದರು.

ಈ ಕೊನೆಯ ವಾಕ್ಯವನ್ನು ಅಕ್ಕ ಅಕ್ಷರಶಃ ಜಾರಿಗೆ ತಂದಳು. ಮಾರನೆಯ ದಿನ ಬೆಳಕು ಹರಿಯುವಾಗ ನನಗೆ ಕಾಫಿ ಕುಡಿಸಿ, ದೇವರ ಕೋಣೆಯ ಶಂಖವನ್ನು ಭಾವನ ಕೈಗೆ ಕೊಟ್ಟಳು. ಭಾವನವರು ಶಿವರಾತ್ರಿಗೆ ಮಾತ್ರ ಶಂಖ ಮುಟ್ಟುವ ಸಾಧು ಮನುಷ್ಯರು. ಆದರೆ ಅಕ್ಕನ ಮಾತಿಗೆ ಮೇಲ್ಮನವಿ ಇಲ್ಲ. ಅವರು ಜಗಲಿಯ ಮೇಲೆ ನಿಂತು ಮೂರು ಬಾರಿ ದೀರ್ಘವಾಗಿ ಊದಿದರು. ಮೊದಲನೆಯದಕ್ಕೆ ನನ್ನ ಕರುಳು ಕಿವಿಗೊಟ್ಟಿತು, ಎರಡನೆಯದಕ್ಕೆ ಮಿಸುಕಿತು, ಮೂರನೆಯದಕ್ಕೆ ನಾನು ಓಡಿದೆ.

ಆದರೆ ನಮ್ಮ ಕಡೆ ಮನೆಯ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ದಾಸಯ್ಯ ಬಂದು ಶಂಖ ಊದಿದನೆಂದರೆ ಆ ಮನೆಯಲ್ಲಿ ಹೆಣ ಏಳುತ್ತಿದೆಯೆಂದು ಅರ್ಥ. ಇದು ನಮ್ಮ ಮೂವರಿಗೂ ಹೊಳೆದಿರಲಿಲ್ಲ. ನಾನು ಹಗುರವಾದ ದೇಹದಿಂದ, ಖಾಲಿ ಚೊಂಬಿನೊಂದಿಗೆ ಹಿತ್ತಿಲಿನಿಂದ ಮರಳಿದಾಗ, ನಡುಮನೆಯಲ್ಲಿ ಏಳೆಂಟು ಜನ ತಲೆ ತಗ್ಗಿಸಿ ನಿಂತಿದ್ದರು. ಮುಂದೆ ನಿಂತವರು ಹಿಂದಿನ ಬೀದಿಯಲ್ಲಿ ವಾಸವಾಗಿದ್ದ ಶಿರಸ್ತೇದಾರರು. ಮೈಮೇಲೆ ಅಂಗಿಯಿಲ್ಲ, ಹೆಗಲ ಮೇಲೆ ಬರೀ ವಲ್ಲಿ. ಅಕ್ಕನಿಗೆ, "ಹೊಟ್ಟೆನೋವು ಅಂತ ಎರಡು ದಿನ ಚೀಟಿ ಕಳ್ಸಿದ್ರು ತಾಯಿ. ಇಷ್ಟು ಬೇಗ ಹಿಂಗಾಗುತ್ತೆ ಅಂದ್ಕೊಂಡಿರ್ಲಿಲ್ಲ" ಎನ್ನುತ್ತಿದ್ದರು.

ಅಷ್ಟರಲ್ಲಿ ಅವರ ದೃಷ್ಟಿ ನನ್ನ ಮೇಲೆ ಬಿತ್ತು. ಆಮೇಲೆ ಚೊಂಬಿನ ಮೇಲೆ.

ಅಕ್ಕ ಸುತ್ತುಬಳಸಿನವಳಲ್ಲ. "ಯಾರಿಗೂ ಏನೂ ಆಗಿಲ್ಲ ಸ್ವಾಮಿ. ಭದ್ರಾವತಿ ಸೈರನ್ ಇಲ್ದೆ ಕದಲಲ್ಲ ಅಂತ ಇವನ ಹೊಟ್ಟೆ ಹಟ ಮಾಡ್ಕೊಂಡು ಕೂತಿತ್ತು. ಅದಕ್ಕೆ ನಮ್ಮನೆಯವ್ರು ಊದಿದ್ರು" ಎಂದಳು.

ಶಿರಸ್ತೇದಾರರು ವಲ್ಲಿಯನ್ನು ಸರಿಯಾಗಿ ಹೊದ್ದುಕೊಂಡರು. ಅನಂತರ ಕಚೇರಿಯ ಧ್ವನಿಯಲ್ಲಿ ನನ್ನನ್ನು ಕೇಳಿದರು: "ಕದಲಿತೇ?"

ಕದಲಿತೆಂದು ಸವಿನಯವಾಗಿ ವರದಿ ಮಾಡಿದೆ.

"ಹಾಗಾದ್ರೆ ಹತ್ತೂವರೆಗೆ ಕಚೇರೀಲಿರಿ. ಇವತ್ತು ತಪ್ಪಿದ್ರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಮತ್ತೆ, ಇಲ್ಲೀತನಕ ಬಂದಿದ್ದಕ್ಕೆ ನಾನೀಗ ಮನೆಗೆ ಹೋಗಿ ಸ್ನಾನ ಮಾಡ್ಬೇಕೋ ಬೇಡ್ವೋ, ಅದನ್ನಷ್ಟು ಹೇಳಿ."

ಹತ್ತು ಗಂಟೆಗೇ ಹಾಜರಾದೆ. ಮುಂದೆ ಒಂದು ದಿನವೂ ತಪ್ಪಲಿಲ್ಲ. ನೌಕರಿ ಖಾಯಂ ಆಯಿತು. ಆದೇಶದ ಕೊನೆಯ ಸಾಲಿನಲ್ಲಿ ನನ್ನನ್ನು ಶಿವಮೊಗ್ಗೆಯ ಕಚೇರಿಯಲ್ಲಿಯೇ ಉಳಿಸಿಕೊಳ್ಳಲಾಗಿತ್ತು. ಆದ್ದರಿಂದ ಭಾವನವರು ಇಂದಿಗೂ ದಿನಾ ಬೆಳಿಗ್ಗೆ ಊದುತ್ತಿದ್ದಾರೆ. ಈಗ ಯಾರೂ ಬರುವುದಿಲ್ಲ. ಬೀದಿಯವರು ಅದಕ್ಕೆ ಹಾಲು ಕಾಯಿಸುತ್ತಾರೆ, ಶಿರಸ್ತೇದಾರರು ಗಡಿಯಾರಕ್ಕೆ ಕೀಲಿ ಕೊಡುತ್ತಾರೆಂದು ಕೇಳಿದ್ದೇನೆ. ನನಗೆ ಉಳಿದಿರುವ ಚಿಂತೆ ಒಂದೇ. ನಾನು ನಿಜವಾಗಿಯೂ ತೀರಿಕೊಂಡ ದಿನ ಮನೆಯ ಮುಂದೆ ಶಂಖ ಊದಿದರೆ, ಗುಮಾಸ್ತನ ಹೊಟ್ಟೆ ಇವತ್ತೂ ಸರಿಯಾಗಿದೆ ಎಂದುಕೊಂಡು ಇಡೀ ದುರ್ಗಿಗುಡಿ ಹಾಲು ಕಾಯಿಸಲು ಏಳುತ್ತದೆ. ಹೊರಲು ನಾಲ್ಕು ಜನ ಸಿಕ್ಕುವುದು ಕಷ್ಟ.

ಮೇಲ್ಕಂಡ ಬರವಣಿಗೆಯಲ್ಲಿ ದೋಷಗಳು ಕಂಡುಬಂದಲ್ಲಿ ಓದುಗ ಮಹಾಶಯರು ದಯಮಾಡಿ ತಾವೇ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ. ಕರುಳಿನ ವಿಷಯದಲ್ಲಿ ಮಾತ್ರ ಯಾರೂ ಯಾವ ತಿದ್ದುಪಡಿಯನ್ನೂ ಸೂಚಿಸಬಾರದು; ಅಕ್ಕ ಕೇಳಿಸಿಕೊಂಡರೆ ಜಾರಿಗೆ ತರುತ್ತಾಳೆ.